ಎಳೆಯುವುದು ಬೇರೆ, ತಿರುಗಿಸುವುದು ಬೇರೆ

ನಾನು ಮೇಷ್ಟರಾಗಿದ್ದ ಕಾಲದ ಒಂದು ಪ್ರಸಂಗದಿಂದ ಈ ಲೇಖನವನ್ನು ಆರಂಭಿಸುತ್ತೇನೆ. ಅದು ನನಗೆ ಗೌರವ ತರುವಂಥದಲ್ಲ. ಆದರೂ ಅದನ್ನು ಹೇಳದೆ ಮುಂದಕ್ಕೆ ಹೋಗುವಂತಿಲ್ಲ.

ಐವತ್ತು ವರ್ಷಗಳ ಕೆಳಗೆ ತಾಲ್ಲೂಕು ಊರೊಂದರ ಕಾಲೇಜಿನಲ್ಲಿ ಪಿ.ಯು.ಸಿ. ಹುಡುಗರಿಗೆ ಭೌತಶಾಸ್ತ್ರ ಹೇಳುತ್ತಿದ್ದೆ. ಆ ದಿನದ ಪಾಠ ಅಯಸ್ಕಾಂತ. ಕರಿಹಲಗೆಯ ಮೇಲೆ ಭೂಮಿಯ ಚಿತ್ರ ಬರೆದು, ಅದರ ಹೊಟ್ಟೆಯಲ್ಲಿ ಒಂದು ದೊಡ್ಡ ಅಯಸ್ಕಾಂತವನ್ನು ಮಲಗಿಸಿ, ದಿಕ್ಸೂಚಿಯ ಮುಳ್ಳು ಏಕೆ ಉತ್ತರಕ್ಕೆ ನಿಲ್ಲುತ್ತದೆಂಬುದನ್ನು ವಿವರಿಸಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

“ಸಾರ್, ಅಯಸ್ಕಾಂತ ಮೊಳೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಭೂಮಿಯೂ ಅಯಸ್ಕಾಂತ ಅಂದಿರಿ. ಹಾಗಾದರೆ ಮುಳ್ಳು ಉತ್ತರಕ್ಕೆ ತಿರುಗಿ ಸುಮ್ಮನೆ ನಿಲ್ಲುತ್ತದಲ್ಲ, ಉತ್ತರಕ್ಕೆ ಓಡಿಹೋಗುವುದಿಲ್ಲ ಏಕೆ?”

ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. “ಮುಳ್ಳಿಗೆ ಕಾಲಿಲ್ಲಪ್ಪ, ಕೂತುಕೋ” ಎಂದೆ. ಹುಡುಗ ಕೂತ. ಆಮೇಲೆ ಆ ವರ್ಷವೆಲ್ಲ ಅವನು ಇನ್ನೊಂದು ಪ್ರಶ್ನೆ ಕೇಳಲಿಲ್ಲ.

ಉತ್ತರ ನನಗೆ ತಿಳಿದಿರಲಿಲ್ಲವೆಂದಲ್ಲ. ಪುಸ್ತಕದಲ್ಲಿ ಅದು ಒಂದು ಸಾಲಿನಷ್ಟಿತ್ತು. ಮುಳ್ಳಿನ ಒಂದು ತುದಿಯನ್ನು ಭೂಮಿ ಎಷ್ಟು ಬಲದಿಂದ ಉತ್ತರಕ್ಕೆ ಸೆಳೆಯುತ್ತದೆಯೋ ಇನ್ನೊಂದು ತುದಿಯನ್ನು ಅಷ್ಟೇ ಬಲದಿಂದ ದಕ್ಷಿಣಕ್ಕೆ ನೂಕುತ್ತದೆ. ಆದ್ದರಿಂದ ಮುಳ್ಳು ತಿರುಗುತ್ತದೆ, ಚಲಿಸುವುದಿಲ್ಲ. ಆದರೆ ಪಾಠ ಮುಗಿಸುವ ಆತುರದಲ್ಲಿ ಒಂದು ಸಾಲು ಹೇಳುವುದಕ್ಕಿಂತ ಒಂದು ನಗೆ ನಗಿಸುವುದು ಸುಲಭವಾಗಿ ಕಂಡಿತು. ಆ ಒಂದು ಸಾಲಿನಲ್ಲಿ ಎಷ್ಟು ದೊಡ್ಡ ಸಂಪತ್ತು ಅಡಗಿತ್ತೆಂಬುದು ನನಗೆ ತಿಳಿದದ್ದು ನಿವೃತ್ತನಾಗಿ ಎಷ್ಟೋ ವರ್ಷಗಳ ಮೇಲೆ. ಅದಕ್ಕೆ ನಿಮಿತ್ತವಾದದ್ದು ಮನೆಯ ಫ್ರಿಜ್ಜಿನ ಬಾಗಿಲು.

*

ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ರಿಪೇರಿಗೆ ಬಂದ ಹುಡುಗ “ಗ್ಯಾಸ್ಕೆಟ್ ಹೋಗಿದೆ ಸಾರ್” ಎಂದು ಬಾಗಿಲಿನ ಸುತ್ತ ಇದ್ದ ಮೆತ್ತನೆಯ ಪಟ್ಟಿಯನ್ನು ಕಿತ್ತು ಮೂಲೆಗೆ ಎಸೆದ. ನನ್ನ ಮೊಮ್ಮಗ ಅದನ್ನು ಎತ್ತಿಕೊಂಡು ಕಿಟಕಿಯ ಸರಳಿಗೆ ಅಂಟಿಸಿದ. ಅದು ಅಲ್ಲಿಯೇ ನಿಂತಿತು. “ತಾತ, ರಬ್ಬರು ಹೇಗೆ ಅಯಸ್ಕಾಂತ ಆಗುತ್ತೆ?” ಎಂದು ಕೇಳಿದ.

ಈ ಸಲ ನಾನು ನಗಲಿಲ್ಲ.

ಆ ಪಟ್ಟಿಯೊಳಗಿರುವುದು ಬರಿಯ ರಬ್ಬರಲ್ಲ. ಫೆರೈಟ್ ಎಂಬ ಕಪ್ಪು ಪುಡಿಯನ್ನು ರಬ್ಬರಿನಲ್ಲಿಯೋ ಪ್ಲಾಸ್ಟಿಕ್ಕಿನಲ್ಲಿಯೋ ಕಲಸಿ, ಸಂಡಿಗೆ ಒತ್ತಿದಂತೆ ಒತ್ತಿ ತೆಗೆದು, ಅನಂತರ ಅಯಸ್ಕಾಂತವಾಗಿಸಿರುತ್ತಾರೆ. ಕಬ್ಬಿಣದ ಆಕ್ಸೈಡಿಗೆ ಬೇರಿಯಂ ಸೇರಿಸಿ ಮಾಡಿದ ಈ ಅಗ್ಗದ ಅಯಸ್ಕಾಂತವನ್ನು ಹಾಲೆಂಡಿನ ಫಿಲಿಪ್ಸ್ ಪ್ರಯೋಗಶಾಲೆಯವರು ೧೯೫೦ರ ದಶಕದ ಆರಂಭದಲ್ಲಿ ಲೋಕಕ್ಕೆ ತಿಳಿಸಿದರು. ಅದು ಮನೆಮನೆಯ ಬಾಗಿಲಿಗೆ ಬಂದುದರ ಹಿಂದೆ ಒಂದು ದುಃಖದ ಕಥೆಯಿದೆ. ಆ ಕಾಲದ ಫ್ರಿಜ್ಜುಗಳಿಗೆ ಹೊರಗಡೆ ಲೋಹದ ಚಿಲಕವಿರುತ್ತಿತ್ತು, ಒಳಗಿನಿಂದ ತೆಗೆಯುವಂತಿರಲಿಲ್ಲ. ಅಮೆರಿಕದಲ್ಲಿ ಹಿತ್ತಿಲಿಗೆ ಎಸೆದ ಹಳೆಯ ಫ್ರಿಜ್ಜುಗಳೊಳಗೆ ಕಣ್ಣಾಮುಚ್ಚಾಲೆ ಆಡಲು ಹೊಕ್ಕ ಮಕ್ಕಳು ಉಸಿರುಕಟ್ಟಿ ಸತ್ತರು. ಒಬ್ಬಿಬ್ಬರಲ್ಲ, ವರ್ಷ ವರ್ಷವೂ ಸತ್ತರು. ಕೊನೆಗೆ ೧೯೫೬ರಲ್ಲಿ ಅಲ್ಲಿನ ಸರ್ಕಾರ ಒಂದು ಕಾನೂನು ಮಾಡಿತು: ಫ್ರಿಜ್ಜಿನ ಬಾಗಿಲು ಒಳಗಿನಿಂದಲೂ ತೆರೆಯುವಂತಿರಬೇಕು. ೧೯೫೮ರಲ್ಲಿ ಅದು ಜಾರಿಗೆ ಬಂದಿತು. ಚಿಲಕ ಹೋಗಿ ಅದರ ಜಾಗಕ್ಕೆ ಅಯಸ್ಕಾಂತದ ಪಟ್ಟಿ ಬಂದಿತು. ಮಗುವಿನ ಕೈ ನೂಕಿದರೂ ಬಿಟ್ಟುಕೊಡುವಷ್ಟು ಮೃದು, ತಂಪು ಹೊರಹೋಗದಂತೆ ಹಿಡಿಯುವಷ್ಟು ಗಟ್ಟಿ. ಕಬ್ಬಿಣದ ಗುಣವನ್ನೂ ರಬ್ಬರಿನ ಗುಣವನ್ನೂ ಒಂದೇ ವಸ್ತುವಿನಲ್ಲಿ ಕೂಡಿಸಬಹುದೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಆದರೆ ಈ ಪಟ್ಟಿ ತಾನಾಗಿ ಬಾಗುವುದಿಲ್ಲ, ಹಿಡಿದುಕೊಂಡಿರುತ್ತದೆ, ಅಷ್ಟೆ. ಅಯಸ್ಕಾಂತವನ್ನು ಹತ್ತಿರ ತಂದೊಡನೆ ಹುಳುವಿನಂತೆ ಸುರುಳಿಯಾಗುವ, ಹಸ್ತದಂತೆ ಮುಷ್ಟಿ ಕಟ್ಟುವ, ಹಾಳೆಯಂತೆ ಮಡಿಚಿಕೊಳ್ಳುವ ರಬ್ಬರನ್ನು ಮಾಡಬಹುದೆ? ಮೊಮ್ಮಗನಿಗೆ ಉತ್ತರ ಹೇಳಲೆಂದು ಓದತೊಡಗಿದವನಿಗೆ, ಅದನ್ನು ಮಾಡಿಯೇ ಇದ್ದಾರೆಂಬುದು ತಿಳಿಯಿತು. ಅದಕ್ಕಿಂತ ಹೆಚ್ಚಿನ ಆಶ್ಚರ್ಯವೆಂದರೆ, ಆ ಕೆಲಸದ ಬೀಗದ ಕೈ ನಾನು ಕೂರಿಸಿದ ಆ ಹುಡುಗನ ಪ್ರಶ್ನೆಯಲ್ಲಿಯೇ ಇದ್ದಿತು.

*

ಆ ಪ್ರಶ್ನೆಯನ್ನು ಮೊದಲು ಕೇಳಿ, ಕೈಯಾರೆ ಉತ್ತರ ಕಂಡವನು ಪಂಡಿತನಲ್ಲ. ರಾಬರ್ಟ್ ನಾರ್ಮನ್ ಎಂಬ ಹಡಗಿನ ಮನುಷ್ಯ. ಎಷ್ಟೋ ವರ್ಷ ಸಮುದ್ರದ ಮೇಲೆ ಕಳೆದು, ಆಮೇಲೆ ಲಂಡನ್ನಿನಲ್ಲಿ ದಿಕ್ಸೂಚಿಗಳನ್ನು ಮಾಡಿ ಜೀವಿಸುತ್ತಿದ್ದವನು. ಅವನಿಗೆ ಒಂದು ಕಿರಿಕಿರಿ. ಮುಳ್ಳನ್ನು ಎಷ್ಟು ಸಮತೂಕವಾಗಿ ಮಾಡಿ ಮೊನೆಯ ಮೇಲೆ ಕೂರಿಸಿದರೂ, ಸೂಜಿಗಲ್ಲಿಗೆ ಉಜ್ಜಿದೊಡನೆ ಅದರ ಉತ್ತರದ ತುದಿ ಕೆಳಕ್ಕೆ ಬಾಗುತ್ತಿತ್ತು. ಸಮ ಮಾಡಲು ತುದಿಯನ್ನು ಕತ್ತರಿಸುತ್ತಿದ್ದ. ಒಂದು ದಿನ ಬಹಳ ಶ್ರಮಪಟ್ಟು ಮಾಡಿದ ಮುಳ್ಳನ್ನು ಹೀಗೆ ಕತ್ತರಿಸುತ್ತ ಕತ್ತರಿಸುತ್ತ ಮೋಟು ಮಾಡಿ ಕೆಡಿಸಿಬಿಟ್ಟ. ಅವನಿಗೆ ಸಿಟ್ಟು ಬಂದಿತು. ಆ ಸಿಟ್ಟಿನಲ್ಲಿಯೇ, ಇದೇಕೆ ಹೀಗೆಂದು ನೋಡಿಯೇಬಿಡುತ್ತೇನೆಂದು ಹೊರಟ.

ತೂಕ ಹೆಚ್ಚಾಯಿತೆ ಎಂದು ಚಿನ್ನ ತೂಗುವ ತಕ್ಕಡಿಯಲ್ಲಿ ತೂಗಿ ನೋಡಿದ; ಇಲ್ಲ. ಯಾವುದೋ ಸೆಳೆತ ಮುಳ್ಳನ್ನು ಕೆಳಕ್ಕೆ ಎಳೆಯುತ್ತಿದೆಯೆ ಎಂದು ತಿಳಿಯಲು ಒಂದು ಉಪಾಯ ಮಾಡಿದ. ಉಕ್ಕಿನ ತಂತಿಯೊಂದನ್ನು ಬಿರಡೆಯಲ್ಲಿ ಚುಚ್ಚಿ ಗಾಜಿನ ಪಾತ್ರೆಯ ನೀರಿಗೆ ಬಿಟ್ಟ. ಮುಳುಗಬಾರದು, ತೇಲಲೂಬಾರದು, ನೀರಿನ ನಡುವೆ ನಿಲ್ಲಬೇಕು. ಅಲ್ಲಿಯವರೆಗೆ ಬಿರಡೆಯನ್ನು ಚೂರು ಚೂರಾಗಿ ಹೆರೆದ. ಆಮೇಲೆ ತಂತಿಯನ್ನು ಸೂಜಿಗಲ್ಲಿಗೆ ಉಜ್ಜಿ ಮತ್ತೆ ನೀರಿಗಿಟ್ಟ. ಅದು ಉತ್ತರಕ್ಕೆ ತಿರುಗಿತು, ಕೆಳಕ್ಕೆ ಓರೆಯಾಯಿತು. ಆದರೆ ತಳಕ್ಕೂ ಇಳಿಯಲಿಲ್ಲ, ಪಕ್ಕಕ್ಕೂ ಸರಿಯಲಿಲ್ಲ. ಇದ್ದಲ್ಲಿಯೇ ಇದ್ದು ದಿಕ್ಕನ್ನು ಮಾತ್ರ ಬದಲಾಯಿಸಿತು. ೧೫೮೧ರಲ್ಲಿ ಅಚ್ಚು ಹಾಕಿಸಿದ ಪುಟ್ಟ ಪುಸ್ತಕದಲ್ಲಿ ನಾರ್ಮನ್ ತನ್ನ ತೀರ್ಮಾನವನ್ನು ಹೇಳಿದ: ಇಲ್ಲಿ ಸೆಳೆತವಿಲ್ಲ, ತಿರುಗುವಿಕೆ ಮಾತ್ರ ಇದೆ. ೧೬೦೦ರಲ್ಲಿ ವಿಲಿಯಂ ಗಿಲ್ಬರ್ಟ್ ಭೂಮಿಯೇ ಒಂದು ಅಯಸ್ಕಾಂತವೆಂದು ಸಾಧಿಸಿದಾಗ ಈ ಹಡಗಿನವನನ್ನು ಗೌರವದಿಂದ ನೆನೆದ.

ಲೋಕ ಮಾತ್ರ ಅಯಸ್ಕಾಂತವೆಂದರೆ ಎಳೆಯುವುದು ಎಂದೇ ತಿಳಿದುಕೊಂಡು ಬಂದಿತು. ನಮ್ಮ ಮಾತುಗಳನ್ನೇ ನೋಡಿ. ಅಯಸ್ಕಾಂತ ಎಂದರೆ ಕಬ್ಬಿಣಕ್ಕೆ ಪ್ರಿಯವಾದದ್ದು. ಸೂಜಿಗಲ್ಲು ಎಂದರೆ ಸೂಜಿಯನ್ನು ಸೆಳೆಯುವ ಕಲ್ಲು. ಎರಡರಲ್ಲಿಯೂ ಇರುವುದು ಸೆಳೆತವೇ. ಮೈಯಲ್ಲಿ ನಾಟಿದ ಶಲ್ಯವನ್ನು ತೆಗೆಯುವ ಉಪಾಯಗಳಲ್ಲಿ ಸುಶ್ರುತಸಂಹಿತೆ ಅಯಸ್ಕಾಂತವನ್ನೂ ಸೇರಿಸಿದೆ. ೧೬೨೪ರಲ್ಲಿ ಬರ್ನ್ ನಗರದ ಮಾರಿ ಕೊಲಿನೆ ಎಂಬಾಕೆ ರೋಗಿಯೊಬ್ಬನ ಕಣ್ಣಿನಲ್ಲಿ ಹೊಕ್ಕಿದ್ದ ಉಕ್ಕಿನ ಚೂರನ್ನು ಸೂಜಿಗಲ್ಲಿನಿಂದ ತೆಗೆಸಿದಳೆಂದು ವೈದ್ಯನಾದ ಅವಳ ಗಂಡನೇ ಬರೆದಿಟ್ಟಿದ್ದಾನೆ. ಇವೆಲ್ಲ ಎಳೆತದ ಪವಾಡಗಳು. ಮುಳ್ಳಿನ ತಿರುಗುವಿಕೆ ದಿಕ್ಕು ನೋಡುವ ಹಡಗಿನವರ ಪಾಲಿಗೆ ಉಳಿಯಿತು.

*

ಅಯಸ್ಕಾಂತದಿಂದ ವಸ್ತುವಿನ ಆಕಾರವನ್ನೇ ಬದಲಾಯಿಸಬಹುದೆಂದು ಮೊದಲು ತೋರಿಸಿದವನು ಮ್ಯಾಂಚೆಸ್ಟರಿನ ಜೇಮ್ಸ್ ಜೌಲ್. ೧೮೪೨ರಲ್ಲಿ, ಊರಿನ ಯಂತ್ರಶಿಲ್ಪಿಯೊಬ್ಬನ ಸೂಚನೆಯ ಮೇರೆಗೆ, ಕಬ್ಬಿಣದ ಸರಳಿಗೆ ತಂತಿ ಸುತ್ತಿ ವಿದ್ಯುತ್ತು ಹರಿಸಿದಾಗ ಅದು ಉದ್ದವಾಗುತ್ತದೆಂದು ಕಂಡ. ಎಷ್ಟು ಉದ್ದ? ಲಕ್ಷದಲ್ಲಿ ಒಂದು ಪಾಲೂ ಅಲ್ಲ. ಬೀದಿಯ ಟ್ರಾನ್ಸ್‌ಫಾರ್ಮರಿನ ಕೆಳಗೆ ನಿಂತರೆ ಗುಂಯ್ ಎಂಬ ಸದ್ದು ಕೇಳುತ್ತದಲ್ಲ, ಅದು ಬಹುಮಟ್ಟಿಗೆ ಈ ಹಿಗ್ಗು ಕುಗ್ಗುಗಳ ಸದ್ದೇ. ೧೯೭೦ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಪ್ರಯೋಗಶಾಲೆಯಲ್ಲಿ ಆರ್ಥರ್ ಕ್ಲಾರ್ಕ್ ಮತ್ತು ಸಂಗಡಿಗರು ಅಪರೂಪದ ಲೋಹಗಳನ್ನು ಬೆರೆಸಿ ಟರ್ಫೆನಾಲ್ ಎಂಬ ಮಿಶ್ರಲೋಹ ಮಾಡಿದರು. ಅದು ಹಿಗ್ಗುವುದು ಸಾವಿರಕ್ಕೆ ಒಂದೆರಡು ಪಾಲು. ನೀರೊಳಗೆ ಶಬ್ದ ಮಾಡಲು ಸಾಕು. ಬಾಗಿ ಬಳುಕಲು ಸಾಲದು.

ಇದರ ಕಾರಣವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು, ವಾಚಕರು ಬೇಸರಪಡಬಾರದು. ಒಂದು ಟೆಸ್ಲಾದಷ್ಟು ಪ್ರಬಲವಾದ ಕಾಂತಕ್ಷೇತ್ರ ವಸ್ತುವಿನ ಮೇಲೆ ಹೇರಬಲ್ಲ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ೪ ಪಟ್ಟು. ಉಕ್ಕಿಗೆ ಅದು ಯಾವ ಲೆಕ್ಕ? ಹತ್ತು ಲಕ್ಷಕ್ಕೆ ಎರಡು ಪಾಲು ಅಲುಗಿದರೆ ಹೆಚ್ಚು. ಆದರೆ ಮೆತ್ತನೆಯ ರಬ್ಬರು ಉಕ್ಕಿಗಿಂತ ಲಕ್ಷಪಟ್ಟು, ಎರಡು ಲಕ್ಷಪಟ್ಟು ಮೃದು. ಅದೇ ಒತ್ತಡ ಅದನ್ನು ಗುರುತು ಸಿಗದಂತೆ ಬಾಗಿಸಬಲ್ಲುದು. ಅಂದಮೇಲೆ ದೊಡ್ಡ ಬದಲಾವಣೆ ಬೇಕೆಂದರೆ ಅಯಸ್ಕಾಂತವನ್ನು ಬಲಪಡಿಸಿ ಪ್ರಯೋಜನವಿಲ್ಲ. ಬಾಗುವ ವಸ್ತು ಮೆತ್ತಗಾಗಬೇಕು.

ರಬ್ಬರಿನ ಲೆಕ್ಕವೂ ಸುಲಭವಾಗಿ ಬಗೆಹರಿದದ್ದಲ್ಲ. ನಾವು ಶಾಲೆಯಲ್ಲಿ ಕಲಿತ ಹುಕ್ಕನ ನಿಯಮ ಸಣ್ಣ ಎಳೆತಕ್ಕೆ ಮಾತ್ರ. ಐದು ಪಟ್ಟು ಹಿಗ್ಗುವ ವಸ್ತುವಿನ ಮುಂದೆ ಅದು ಕೈಚೆಲ್ಲುತ್ತದೆ. ಎರಡನೆಯ ಮಹಾಯುದ್ಧದ ಬೆನ್ನಿಗೆ ಇಂಗ್ಲೆಂಡಿನ ರಬ್ಬರು ಸಂಶೋಧನಾ ಸಂಸ್ಥೆಯಲ್ಲಿದ್ದ ರೊನಾಲ್ಡ್ ರಿವ್ಲಿನ್ ೧೯೪೮ರಲ್ಲಿ ಪ್ರಕಟಿಸಿದ ಲೇಖನಗಳಿಂದ ದೊಡ್ಡ ಆಕಾರವಿಕಾರಗಳ ಗಣಿತಕ್ಕೆ ಭದ್ರವಾದ ತಳಹದಿ ಬಿದ್ದಿತು. ಕಾಂತಕ್ಷೇತ್ರವನ್ನೂ ಅದಕ್ಕೆ ಸೇರಿಸಿದರೆ ತೊಡಕು ಇಮ್ಮಡಿ: ಕ್ಷೇತ್ರ ವಸ್ತುವನ್ನು ಬಾಗಿಸುತ್ತದೆ, ಬಾಗಿದ ವಸ್ತು ಕ್ಷೇತ್ರವನ್ನೇ ಬದಲಾಯಿಸುತ್ತದೆ, ಬದಲಾದ ಕ್ಷೇತ್ರ ಮತ್ತೆ ವಸ್ತುವನ್ನು ಬಾಗಿಸುತ್ತದೆ. ಬೀಜವೋ ವೃಕ್ಷವೋ ಎಂಬಂಥ ಈ ಗಂಟನ್ನು ಬಿಡಿಸುವ ಕೆಲಸಕ್ಕೆ ೧೯೬೬ರಲ್ಲಿ ವಿಲಿಯಂ ಫುಲ್ಲರ್ ಬ್ರೌನ್ ಒಂದು ಗ್ರಂಥವನ್ನೇ ಬರೆದ.

ಅತ್ತ ಪ್ರಯೋಗದ ದಾರಿ ಎಣ್ಣೆಯ ಮೂಲಕ ಬಂದಿತು. ಖಾರ್ಕಿವ್‌ನಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ಅಮೆರಿಕಕ್ಕೆ ಹೋದ ಜೇಕಬ್ ರಾಬಿನೋ ಇನ್ನೂರಕ್ಕೂ ಹೆಚ್ಚು ಪೇಟೆಂಟು ಪಡೆದ ಮಹಾ ಕುಶಲಿ. ೧೯೪೮ರ ಸುಮಾರಿಗೆ ವಾಷಿಂಗ್ಟನ್ನಿನ ಸರ್ಕಾರಿ ಮಾನಕ ಸಂಸ್ಥೆಯಲ್ಲಿದ್ದಾಗ ಎಣ್ಣೆಯಲ್ಲಿ ಕಬ್ಬಿಣದ ನುಣುಪು ಪುಡಿ ಕಲಸಿ ಒಂದು ಕ್ಲಚ್ ಮಾಡಿದ. ವಿದ್ಯುತ್ತು ಹರಿದೊಡನೆ ಪುಡಿಯ ಕಣಗಳು ಒಂದನ್ನೊಂದು ಹಿಡಿದು ಸರಪಳಿ ಕಟ್ಟಿಕೊಂಡು ಎಣ್ಣೆ ಗಟ್ಟಿಯಾಗುತ್ತಿತ್ತು; ನಿಲ್ಲಿಸಿದೊಡನೆ ಮತ್ತೆ ನೀರಾಗುತ್ತಿತ್ತು. ಅರ್ಧ ಶತಮಾನದ ಮೇಲೆ, ೨೦೦೨ರಲ್ಲಿ, ಇಂಥ ದ್ರವ ಕ್ಯಾಡಿಲಾಕ್ ಕಾರಿನ ಷಾಕ್ ಅಬ್ಸಾರ್ಬರಿನೊಳಗೆ ಕೂತು ರಸ್ತೆಯ ಕುಲುಕಾಟವನ್ನು ತಾಳತೊಡಗಿತು.

ಎಣ್ಣೆಯ ಬದಲು ರಬ್ಬರನ್ನೇ ಹಾಕಿದರೆ? ೧೯೮೩ರಲ್ಲಿ ಇಸ್ರೇಲಿನ ರಿಗ್ಬಿ ಮತ್ತು ಸ್ವೀಡನ್ನಿನ ಯಿಲ್ಕೆನ್ ಫೆರೈಟಿನ ಪುಡಿ ಬೆರೆಸಿದ ರಬ್ಬರು ಕಾಂತಕ್ಷೇತ್ರಕ್ಕೂ ಎಳೆತಕ್ಕೂ ಹೇಗೆ ಓಗೊಡುತ್ತದೆಂದು ಪರೀಕ್ಷಿಸಿ ಬರೆದರು. ೧೯೯೦ರ ದಶಕದಲ್ಲಿ ಜಪಾನು ಅಮೆರಿಕಗಳ ಮೋಟಾರು ಕಂಪನಿಗಳವರೂ ಇದಕ್ಕೆ ಕೈಹಾಕಿದರು. ರಬ್ಬರು ಗಟ್ಟಿಯಾಯಿತು, ಆದರೆ ಹೆಚ್ಚು ಬಾಗಲಿಲ್ಲ. ಏಕೆಂದರೆ ಕಬ್ಬಿಣದ ಕಣಗಳಿಗೆ ಸ್ವಂತ ದಿಕ್ಕೆಂಬುದಿಲ್ಲ. ಹೊರಗಿನ ಕ್ಷೇತ್ರ ಯಾವ ಕಡೆಯೋ ಅವೂ ಆ ಕಡೆ. ಕ್ಷೇತ್ರ ಹೋದರೆ ಏನೂ ಇಲ್ಲ. ನೆರೆಯ ಕಣವನ್ನು ಎಳೆಯುವುದೊಂದೇ ಅವಕ್ಕೆ ತಿಳಿದ ವಿದ್ಯೆ. ೧೯೯೬ರಲ್ಲಿ ಬುಡಾಪೆಸ್ಟಿನ ಮಿಕ್ಲೋಷ್ ಜ್ರೀನ್ಯಿ ಮತ್ತು ಸಂಗಡಿಗರು ಲೋಳೆಯಂಥ ಮೆತ್ತನೆಯ ಜೆಲ್ಲಿನಲ್ಲಿ ಅತಿ ಸೂಕ್ಷ್ಮ ಕಣಗಳನ್ನು ಸೇರಿಸಿ, ಅಯಸ್ಕಾಂತವನ್ನು ಹತ್ತಿರ ತಂದಾಗ ಅದು ಕಣ್ಣಿಗೆ ಕಾಣುವಂತೆ ಉದ್ದವಾಗುವುದನ್ನೂ ಬಾಗುವುದನ್ನೂ ತೋರಿಸಿದರು. ದೊಡ್ಡ ಹೆಜ್ಜೆಯೇ ಅದು. ಆದರೂ ಅದು ಎಳೆತವೇ. ಎಳೆತಕ್ಕೆ ಒಂದು ಶಾಪವಿದೆ: ಪುಟ್ಟ ಅಯಸ್ಕಾಂತದಿಂದ ಎರಡರಷ್ಟು ದೂರ ಹೋದರೆ ಅದರ ಎಳೆತ ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. ತಿರುಗಿಸುವ ಶಕ್ತಿ ಮಾತ್ರ ಎಂಟನೆಯ ಒಂದು ಪಾಲಿಗೆ ಇಳಿದು ನಿಲ್ಲುತ್ತದೆ.

*

ಹೀಗೆ ಕಥೆ ಸುತ್ತಿ ಬಂದು ನಾರ್ಮನ್ನನ ಬಿರಡೆಯ ಮುಂದೆ ನಿಂತಿತು. ಕಬ್ಬಿಣದ ಪುಡಿಗೆ ಬದಲು, ಸ್ವಂತ ದಿಕ್ಕನ್ನು ಬಿಡದ ಹಟಮಾರಿ ಅಯಸ್ಕಾಂತದ ಪುಡಿಯನ್ನು ರಬ್ಬರಿಗೆ ಬೆರೆಸಿದರೆ? ಆಗ ಪ್ರತಿಯೊಂದು ಕಣವೂ ಒಂದು ದಿಕ್ಸೂಚಿಯ ಮುಳ್ಳು. ಎಲ್ಲ ಕಡೆಯೂ ಒಂದೇ ಸಮನಾದ ಕ್ಷೇತ್ರದಲ್ಲಿಟ್ಟರೆ ಅದನ್ನು ಯಾರೂ ಎಳೆಯುವುದಿಲ್ಲ; ಆದರೆ ಅದು ತಿರುಗಬೇಕೆನ್ನುತ್ತದೆ. ರಬ್ಬರಿನಲ್ಲಿ ಹೂತುಹೋಗಿರುವುದರಿಂದ ತಿರುಗುವಾಗ ರಬ್ಬರನ್ನೂ ತನ್ನೊಡನೆ ತಿರುಚುತ್ತದೆ. ಕೋಟಿ ಕಣಗಳು ಕೂಡಿ ತಿರುಚಿದರೆ ಪಟ್ಟಿಯೇ ಬಾಗುತ್ತದೆ.

ಅಂಥ ಬಲವಾದ ಪುಡಿಗೆ ೧೯೮೩ರವರೆಗೆ ಕಾಯಬೇಕಾಯಿತು. ಆ ವರ್ಷ ಜಪಾನಿನಲ್ಲಿ ಮಸಾತೊ ಸಗಾವಾ ಮತ್ತು ಅಮೆರಿಕದಲ್ಲಿ ಜಾನ್ ಕ್ರೋಟ್ ತಮ್ಮ ತಮ್ಮ ದಾರಿಯಲ್ಲಿ ನಿಯೊಡಿಮಿಯಂ, ಕಬ್ಬಿಣ, ಬೋರಾನುಗಳ ಅಯಸ್ಕಾಂತವನ್ನು ಲೋಕದ ಮುಂದಿಟ್ಟರು. ಆದರೆ ಪುಡಿ ಸಿಕ್ಕಿದರೆ ಸಾಲದು. ಎಲ್ಲ ಕಣಗಳೂ ಒಂದೇ ದಿಕ್ಕಿಗೆ ಮುಖ ಮಾಡಿದ್ದರೆ ಪಟ್ಟಿ ಒಂದೇ ರೀತಿ ಬಾಗುತ್ತದೆ. ಯಾವ ಭಾಗ ಯಾವ ಕಡೆ ಬಾಗಬೇಕೋ ಅಲ್ಲಿನ ಕಣಗಳನ್ನು ಅದಕ್ಕೆ ತಕ್ಕ ದಿಕ್ಕಿನಲ್ಲಿ ನಿಲ್ಲಿಸಬೇಕು. ಇಲ್ಲಿಗೆ ಬಂದಾಗ ವಿಜ್ಞಾನ ವಿನ್ಯಾಸವಾಗುತ್ತದೆ, ಹೇಳಬೇಕೆಂದರೆ ರಂಗೋಲಿಯಾಗುತ್ತದೆ.

ದಿಕ್ಕನ್ನು ಬರೆಯುವುದೆಂದರೇನೆಂದು ವಾಚಕರು ಮನೆಯಲ್ಲಿಯೇ ನೋಡಬಹುದು. ಅಂಗಡಿಯವರು ಜಾಹೀರಾತಿಗೆಂದು ಕೊಡುವ, ಫ್ರಿಜ್ಜಿಗೆ ಅಂಟಿಸುವ ತೆಳು ಬಿಲ್ಲೆಗಳೆರಡನ್ನು ಕಪ್ಪು ಬೆನ್ನುಗಳು ಕೂಡುವಂತೆ ಹಿಡಿದು ಜಾರಿಸಿ. ಒಂದು ಕಡೆಗೆ ನುಣ್ಣಗೆ ಜಾರುತ್ತವೆ; ಅಡ್ಡಡ್ಡ ಜಾರಿಸಿದರೆ ಟಕ ಟಕ ಎಂದು ಎಡವುತ್ತವೆ. ಅವುಗಳ ಬೆನ್ನಿನ ಮೇಲೆ ಉತ್ತರ, ದಕ್ಷಿಣ, ಉತ್ತರ, ದಕ್ಷಿಣ ಎಂದು ಪಟ್ಟೆ ಪಟ್ಟೆಯಾಗಿ ಯಾರೋ ಬರೆದಿದ್ದಾರೆ. ಕಣ್ಣಿಗೆ ಕಾಣುವುದಿಲ್ಲ, ಕೈಗೆ ತಿಳಿಯುತ್ತದೆ.

ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಮೆಟಿನ್ ಸಿಟ್ಟಿ ಎಂಬ ವಿಜ್ಞಾನಿಯ ತಂಡ ಈ ಬರವಣಿಗೆಗೆ ಒಂದು ಸರಳವಾದ ಉಪಾಯ ಹೂಡಿತು. ನಿಯೊಡಿಮಿಯಂ ಪುಡಿ ಬೆರೆತ ಸಿಲಿಕೋನ್ ರಬ್ಬರಿನ ಪುಟ್ಟ ಪಟ್ಟಿಯನ್ನು ಒಂದು ಕಡ್ಡಿಗೆ ಸುತ್ತಿ ಪ್ರಬಲ ಕ್ಷೇತ್ರದಲ್ಲಿಟ್ಟು ಅಯಸ್ಕಾಂತವಾಗಿಸಿದರು. ಆಗ ಎಲ್ಲ ಕಣಗಳೂ ಒಂದೇ ದಿಕ್ಕಿಗೆ. ಕಡ್ಡಿಯಿಂದ ಬಿಚ್ಚಿ ನೇರವಾಗಿ ಹಾಸಿದರೆ, ಒಂದು ತುದಿಯಿಂದ ಇನ್ನೊಂದಕ್ಕೆ ಹೋಗುತ್ತ ಕಣಗಳ ದಿಕ್ಕು ಗಡಿಯಾರದ ಮುಳ್ಳಿನಂತೆ ಒಂದು ಸುತ್ತು ತಿರುಗಿರುತ್ತದೆ! ೨೦೧೮ರಲ್ಲಿ ವರದಿಯಾದ ಈ ಪಟ್ಟಿಯ ಉದ್ದ ೩.೭ ಮಿಲಿಮೀಟರು, ಅಕ್ಕಿ ಕಾಳಿಗಿಂತ ಚಿಕ್ಕದು. ಹೊರಗಿನ ಕ್ಷೇತ್ರವನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿದಾಗ ಅದು ನಡೆಯಿತು, ಉರುಳಿತು, ನೆಗೆಯಿತು, ತೆವಳಿತು, ನೀರಿನಲ್ಲಿ ಈಜಿತು. ಒಳಗೆ ಯಂತ್ರವಿಲ್ಲ, ಬ್ಯಾಟರಿಯಿಲ್ಲ, ತಂತಿಯಿಲ್ಲ. ಅದೇ ವರ್ಷ ಅಮೆರಿಕದ ಎಂ.ಐ.ಟಿ.ಯಲ್ಲಿ ಷುವಾನ್ಹೆ ಝಾವ್ ಎಂಬುವರ ತಂಡ ಪುಡಿ ಬೆರೆಸಿದ ರಬ್ಬರಿನ ಹಿಟ್ಟನ್ನು ಸಣ್ಣ ಮೂತಿಯಿಂದ ಎಳೆಯಾಗಿ ಬಿಡುತ್ತ, ಮೂತಿಯ ಬಳಿಯೇ ಕಾಂತಕ್ಷೇತ್ರವಿಟ್ಟು, ಹೊರಬರುವ ಕಣಗಳ ದಿಕ್ಕನ್ನು ಬೇಕಾದಂತೆ ಬದಲಾಯಿಸಿತು. ಜಿಲೇಬಿ ಬಿಡುವವನು ಬಟ್ಟೆಯ ತೂತಿನಿಂದ ಹಿಟ್ಟು ಬಿಡುತ್ತ ಎಳೆಯ ಜೊತೆಗೆ ದಿಕ್ಕನ್ನೂ ಬಿಡುತ್ತಾನೆಂದುಕೊಳ್ಳಿ. ಹಾಗೆ ಬಿಟ್ಟ ಹಂದರಗಳು ಕ್ಷೇತ್ರ ಬಂದೊಡನೆ ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಮಡಿಚಿಕೊಂಡವು, ಕ್ಷೇತ್ರ ಹೋದೊಡನೆ ಬಿಚ್ಚಿಕೊಂಡವು.

ಪುಡಿ ಎಷ್ಟು ಹಾಕಬೇಕೆಂಬುದೂ ವಿನ್ಯಾಸದ ಮಾತೇ. ಹೆಚ್ಚು ಹಾಕಿದರೆ ತಿರುಚುವ ಬಲ ಹೆಚ್ಚು; ಆದರೆ ರಾಗಿ ಹಿಟ್ಟು ಹೆಚ್ಚಾದರೆ ಮುದ್ದೆ ಕಲ್ಲಾಗುವಂತೆ ರಬ್ಬರೂ ಬಿರುಸಾಗುತ್ತದೆ. ದ್ರವದಲ್ಲಿ ಗುಂಡು ಕಣಗಳು ಸೇರಿದರೆ ಅದು ಎಷ್ಟು ಮಂದವಾಗುತ್ತದೆಂದು ೧೯೦೬ರಲ್ಲಿ ಲೆಕ್ಕ ಹಾಕಿದವರು ಐನ್‌ಸ್ಟೈನ್. ಆ ಲೆಕ್ಕದಲ್ಲಿ ತಪ್ಪಿತ್ತು. ಪ್ರಯೋಗದೊಡನೆ ಹೊಂದದೆಹೋದಾಗ ೧೯೧೧ರಲ್ಲಿ ಅವರೇ ತಿದ್ದಿಕೊಂಡರು. (ಮೇಷ್ಟರುಗಳಿಗೆ ಇದರಲ್ಲಿ ಸಮಾಧಾನವೂ ಇದೆ, ಪಾಠವೂ ಇದೆ.) ಅದನ್ನು ಮುಂದುವರಿಸಿ ೧೯೩೮ರಲ್ಲಿ ಗುತ್ ಮತ್ತು ಗೋಲ್ಡ್ ಕೊಟ್ಟ ಸೂತ್ರದಂತೆ, ನೂರು ಪಾಲಿನಲ್ಲಿ ಇಪ್ಪತ್ತು ಪಾಲು ಪುಡಿಯಾದರೆ ರಬ್ಬರಿನ ಬಿರುಸು ಎರಡರಷ್ಟಾಗುತ್ತದೆ. ಅದೇ ಸೂತ್ರದಿಂದ ನಾನು ಒಂದು ಸಂಜೆ ಕೂತು ಲೆಕ್ಕ ಹಾಕಿದೆ: ಹೆಚ್ಚು ಬಾಗಬೇಕಾದರೆ ಪುಡಿ ಕಾಲು ಭಾಗಕ್ಕಿಂತ ತುಸು ಹೆಚ್ಚಿರಬೇಕು, ಅದನ್ನು ಮೀರಿದರೆ ಬಾಗು ಕಡಿಮೆಯಾಗುತ್ತದೆ. ಅಡುಗೆಯವರು ಹದ ಎನ್ನುವುದು ಇದನ್ನೇ.

*

ಇಷ್ಟೆಲ್ಲ ಏತಕ್ಕೆ ಎಂದು ಕೇಳಬಹುದು. ಅದಕ್ಕೆ ನನ್ನ ಮನೆಯದೇ ಒಂದು ಮಾತು ಹೇಳಬೇಕು.

ಕೆಲವು ವರ್ಷಗಳ ಕೆಳಗೆ ನನ್ನ ಅಣ್ಣನಿಗೆ ಲಕ್ವ ಹೊಡೆಯಿತು. ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿತ್ತು. ವೈದ್ಯರು ತೊಡೆಯ ಸಂದಿನ ನಾಳದಿಂದ ಸಣ್ಣ ತಂತಿಯೊಂದನ್ನು ಒಳಬಿಟ್ಟು, ಎದೆಯ ಮೇಲಿಂದ, ಕುತ್ತಿಗೆಯ ಮೂಲಕ ತಲೆಯವರೆಗೆ ನಡೆಸಿ, ಅದರ ಜಾಡಿನಲ್ಲಿಯೇ ಹೆಪ್ಪನ್ನು ತೆಗೆಯಲು ಹೊರಟರು. ಹೊರಗೆ ಬೆಂಚಿನ ಮೇಲೆ ಅತ್ತಿಗೆಯ ಪಕ್ಕ ಕೂತಿದ್ದೆ. ಬಹಳ ಹೊತ್ತಿನ ಮೇಲೆ ಬಂದ ವೈದ್ಯರು ಒಳ್ಳೆಯ ಮನುಷ್ಯರು, ಬೆವರು ಒರೆಸಿಕೊಳ್ಳುತ್ತ, “ಕೊನೆಗೆ ಹೋಯಿತು. ಒಂದು ತಿರುವಿನಲ್ಲಿ ತಂತಿ ನಮ್ಮ ಮಾತು ಕೇಳಲಿಲ್ಲ, ಅಲ್ಲಿ ಹೊತ್ತಾಯಿತು” ಎಂದರು. ಅಣ್ಣ ಉಳಿದ. ಅವನ ಬಲಗೈ ಉಳಿಯಲಿಲ್ಲ. ಮಿದುಳಿಗೆ ರಕ್ತ ನಿಂತ ಪ್ರತಿ ನಿಮಿಷಕ್ಕೂ ಬೆಲೆ ತೆರಬೇಕಾಗುತ್ತದೆಂದು ಆಮೇಲೆ ತಿಳಿಯಿತು. ಯಾರ ತಪ್ಪೂ ಅಲ್ಲ. ತೊಡೆಯ ಬಳಿ ಕೈಯಿಂದ ತಿರುಚಿದ್ದು ತಲೆಯಲ್ಲಿರುವ ತುದಿಗೆ ತಲುಪಬೇಕೆಂದರೆ ತಂತಿ ತಾನೇ ಏನು ಮಾಡೀತು?

ತುದಿಯನ್ನು ಹೊರಗಿನಿಂದ ಅಯಸ್ಕಾಂತದಿಂದ ಬಾಗಿಸುವ ಆಸೆ ಹೊಸದಲ್ಲ. ೧೯೫೧ರಲ್ಲಿಯೇ ಸ್ವೀಡನ್ನಿನ ಟಿಲ್ಯಾಂಡರ್ ಎಂಬ ವೈದ್ಯ ತುದಿಗೆ ಉಕ್ಕಿನ ಕೀಲುಗಳನ್ನಿಟ್ಟ ಕೊಳವೆಯನ್ನು ಕಾಂತಬಲದಿಂದ ನಡೆಸಿದ ವಿಷಯ ಬರೆದಿದ್ದಾನೆ. ಆದರೆ ಉಕ್ಕಿನ ತುಂಡು ಮಿದುಳಿನ ನಾಳಕ್ಕೆ ದಪ್ಪ, ಬಿರುಸು. ೨೦೧೯ರಲ್ಲಿ ಎಂ.ಐ.ಟಿ.ಯ ಅದೇ ತಂಡ ಒಂದು ಮಿಲಿಮೀಟರಿಗಿಂತಲೂ ಕಡಿಮೆ ದಪ್ಪದ ದಾರದಂಥ ತಂತಿಯೊಂದನ್ನು ಮಾಡಿತು. ಅದರ ಮೈಯೆಲ್ಲ ಅಯಸ್ಕಾಂತದ ಪುಡಿ ಬೆರೆತ ರಬ್ಬರು; ಪುಡಿ ತುಕ್ಕು ಹಿಡಿಯದಂತೆ ಪ್ರತಿ ಕಣಕ್ಕೂ ಸಿಲಿಕದ ಹೊದಿಕೆ; ಮೇಲೆ ನೀರುಂಡು ಜಾರುವ ಲೋಳೆಯ ಲೇಪ. ಒಬ್ಬ ರೋಗಿಯ ಮಿದುಳಿನ ಚಿತ್ರ ನೋಡಿ ಸಿಲಿಕೋನಿನಲ್ಲಿ ಮಾಡಿದ ರಕ್ತನಾಳಗಳ ಮಾದರಿಯಲ್ಲಿ, ಹೊರಗೆ ಅಯಸ್ಕಾಂತವನ್ನು ಸರಿಸುತ್ತ, ಆ ತಂತಿಯನ್ನು ತಿರುವು ತಿರುವಿನಲ್ಲಿ ನಡೆಸಿ ತೋರಿಸಿದರು. ಅಲ್ಲಿ ಅಯಸ್ಕಾಂತ ತಂತಿಯನ್ನು ಎಳೆಯುತ್ತಿರಲಿಲ್ಲ. ಅದರ ತುದಿಗೆ ದಿಕ್ಕು ಹೇಳುತ್ತಿತ್ತು. ಮುಂದಕ್ಕೆ ನೂಕುವುದು ಹಿಂದಿನ ಕೈಯ ಕೆಲಸವಾಗ���ತ್ತು.

ಮಾದರಿಯಲ್ಲಿ ಆದದ್ದು ಮನುಷ್ಯನಲ್ಲಿ ಆಗುವುದಕ್ಕೆ ಬಹಳ ದಾರಿ ನಡೆಯಬೇಕೆಂಬುದನ್ನು ನಾನು ಬಲ್ಲೆ. ಅಣ್ಣನ ಕೈಗೆ ಅದರಿಂದ ಏನೂ ಆಗಬೇಕಾದದ್ದಿಲ್ಲ. ಅವನು ಈಗ ಎಡಗೈಯಲ್ಲಿ ಸಹಿ ಮಾಡುವುದನ್ನು ಕಲಿತಿದ್ದಾನೆ. ಆದರೆ ನನ್ನ ಮನಸ್ಸನ್ನು ಬಿಡದೆ ಕಾಡುವುದು ಬೇರೆ. ಎಳೆಯುವುದು ಬೇರೆ, ತಿರುಗಿಸುವುದು ಬೇರೆ ಎಂದು ಸಿಟ್ಟಿನಲ್ಲಿದ್ದ ಒಬ್ಬ ಕುಶಲಕರ್ಮಿ ನೀರಿನ ಪಾತ್ರೆಯಲ್ಲಿ ಕಂಡುಕೊಂಡ. ಅದರ ಅರ್ಥ ಪೂರ್ತಿಯಾಗಿ ತೆರೆದುಕೊಳ್ಳಲು ನಾಲ್ಕು ನೂರು ವರ್ಷಗಳಿಗೂ ಹೆಚ್ಚು ಹಿಡಿಯಿತು. ಅದೇ ಪ್ರಶ್ನೆ ತಾನಾಗಿ ಒಬ್ಬ ಹದಿನಾರು ವರ್ಷದ ಹುಡುಗನ ಬಾಯಲ್ಲಿ ನನ್ನ ಮುಂದೆ ಬಂದು ನಿಂತಾಗ, ನಾನು ಅವನನ್ನು ಕೂರಿಸಿದೆ.

ಆ ಹುಡುಗ ಈಗ ಎಲ್ಲಿದ್ದಾನೋ, ಏನಾಗಿದ್ದಾನೋ. ಅವನೂ ತಾತನಾಗಿರುವ ವಯಸ್ಸು. ಈ ಪುಟ ಅವನ ಕಣ್ಣಿಗೆ ಬೀಳುವುದೆಂಬ ನೆಚ್ಚಿಕೆ ನನಗಿಲ್ಲ. ಬಿದ್ದರೆ, ತಡವಾಗಿಯಾದರೂ ಉತ್ತರ ಇಲ್ಲಿದೆ. ಮುಳ್ಳಿಗೆ ಕಾಲಿಲ್ಲ ಎಂದದ್ದು ತಪ್ಪು. ನಿನ್ನ ಪ್ರಶ್ನೆ ಸರಿಯಾಗಿತ್ತಪ್ಪ.

ಮೊಮ್ಮಗ ಆ ಹಳೆಯ ಪಟ್ಟಿಯನ್ನು ಇನ್ನೂ ಎಸೆದಿಲ್ಲ. ಕಿಟಕಿಯ ಸರಳಿಗೆ ಅಂಟಿಕೊಂಡೇ ಇದೆ. ನಿನ್ನೆ ಬಂದು, “ತಾತ, ಇದು ಬಿಸಿಲಿನಲ್ಲಿ ಒಣಗಿ ಗಟ್ಟಿಯಾಗಿದೆ, ಆದರೂ ಅಂಟುತ್ತೆ, ಯಾಕೆ?” ಎಂದ. ಕೈಯಲ್ಲಿದ್ದ ಪತ್ರಿಕೆ ಮಡಿಚಿಟ್ಟು, ಅವನ ಜೊತೆ ಕಿಟಕಿಯ ಬಳಿಗೆ ಹೋದೆ.